ಒಗ್ಗಟ್ಟು ಎಂಬ ಕಟ್ಟು

‘ಒಗ್ಗಟ್ಟು’ ಎಂಬ ಪದದೊಳಗೆ ‘ಕಟ್ಟು’ ಅಡಗಿದೆ. ಕಟ್ಟು ಎಂದರೆ ಬೆಸುಗೆಯೂ ಹೌದು, ಕಟ್ಟಳೆಯೂ ಹೌದು, ಬಂಧನವೂ ಹೌದು. ಆಯುಧ ಹಿಡಿದ ಬಂಡುಕೋರರ ಗುಂಪೊಂದು ಒಡೆಯದೆ ಉಳಿಯುವ ಬಗೆಯನ್ನು ಅರಿಯಲು ಈ ಮೂರೂ ಅರ್ಥಗಳು ಬೇಕಾಗುತ್ತವೆ. ಶ್ರೀಲಂಕಾದ ಎಲ್‌ಟಿಟಿಇ ಚರಿತ್ರೆ ಇದಕ್ಕೆ ನಿದರ್ಶನ.

1976ರಲ್ಲಿ ಹುಟ್ಟಿದ ಈ ಸಂಘಟನೆಯಿಂದ 1980ರ ವೇಳೆಗೇ ಉಮಾ ಮಹೇಶ್ವರನ್ ಹೊರನಡೆದು ಪ್ರತ್ಯೇಕ ಬಣವನ್ನು ಕಟ್ಟಿದರು. ವೇಲುಪಿಳ್ಳೈ ಪ್ರಭಾಕರನ್ ತಮ್ಮವರನ್ನು ಬಿಗಿದು ಹಿಡಿದದ್ದು ಕಠಿಣ ನೇಮಗಳಿಂದ. ಸೇರಿದವರಿಗೆ ಹೊಸ ಹೆಸರು, ಕೊರಳಲ್ಲಿ ಸೈನೈಡ್ ಗುಳಿಗೆ, ವಿವಾಹಕ್ಕೆ ನಿರ್ಬಂಧ. ಮನೆ, ಮನೆತನಗಳ ನಂಟು ಸಡಿಲವಾದಷ್ಟೂ ಸಂಘಟನೆಯ ನಂಟು ಬಿಗಿಯಾಗುತ್ತಿತ್ತು. ಮಡಿದವರನ್ನು ದಹಿಸುವ ರೂಢಿಯನ್ನು ಬಿಟ್ಟು ‘ತುಯಿಲುಂ ಇಲ್ಲಂ’ ಎಂಬ ಸಮಾಧಿಭೂಮಿಗಳಲ್ಲಿ ಹೂಳಲಾಯಿತು. 1989ರಿಂದ ನವೆಂಬರ್ 27 ಮಾವೀರರ ದಿನವಾಯಿತು. ವೀರಗಲ್ಲುಗಳನ್ನು ಓದಿದವರಿಗೆ ಇದರ ಬಲ ತಿಳಿಯದಿರದು: ಸತ್ತವರ ಸ್ಮರಣೆ ಬದುಕಿರುವವರ ಮೇಲೆ ಹೊರಿಸುವ ಋಣವದು.

ಋಣದ ಜೊತೆಗೆ ಭಯವೂ ಇತ್ತು. 1986ರಲ್ಲಿ ಪ್ರತಿಸ್ಪರ್ಧಿ ತಮಿಳು ಸಂಘಟನೆ ಟೆಲೋವನ್ನು ಹುಲಿಗಳು ಬಲಪ್ರಯೋಗದಿಂದ ಅಳಿಸಿದರು. ಉಪನಾಯಕನಾಗಿದ್ದ ಮಾತ್ತಯ್ಯನನ್ನು ಭಾರತದ ಗುಪ್ತಚರ ಸಂಸ್ಥೆಯೊಂದಿಗೆ ಸಂಚು ಹೂಡಿದ ಆರೋಪದ ಮೇಲೆ ಬಂಧಿಸಿ, 1994ರಲ್ಲಿ ಕೊಲ್ಲಲಾಯಿತು. ದ್ರೋಹಿ ಎನಿಸಿಕೊಂಡವರಿಗೆ ಮಾವೀರರ ಸಾಲಿನಲ್ಲಿ ಎಡೆಯಿರಲಿಲ್ಲ.

ಇಷ್ಟು ಬಿಗಿದ ಕಟ್ಟು ಬಿರುಕುಬಿಟ್ಟದ್ದು ಕದನದ ನಡುವೆಯಲ್ಲ, ಕದನವಿರಾಮದಲ್ಲಿ. 2002ರ ಒಪ್ಪಂದದ ಬಳಿಕ, 2004ರ ಮಾರ್ಚ್‌ನಲ್ಲಿ ಪೂರ್ವಭಾಗದ ದಂಡನಾಯಕ ಕರುಣಾ ಸಿಡಿದು ನಿಂತ. ಪೂರ್ವದ ಹುಡುಗರು ಸಾಯುತ್ತಾರೆ, ಅಧಿಕಾರಸ್ಥಾನಗಳು ಉತ್ತರದವರ ಕೈಯಲ್ಲಿವೆ ಎಂಬುದು ಅವನ ದೂರು. ಅವನ ಸ್ವಾರ್ಥ ಎಷ್ಟೇ ಇರಲಿ, ಪ್ರಶ್ನೆ ಹೊಸದಾಗಿರಲಿಲ್ಲ. ಶತ್ರುವಿನ ಗುಂಡು ಎದುರಿಗಿರುವಾಗ ಅದನ್ನು ಕೇಳುವಂತಿರಲಿಲ್ಲ, ಅಷ್ಟೆ. ಕೇಳಲು ಸಂಘಟನೆಯೊಳಗೆ ವೇದಿಕೆಯೂ ಇರಲಿಲ್ಲ. ಏಪ್ರಿಲ್‌ನಲ್ಲಿ ವೆರುಗಲ್ ನದಿಯ ಬಳಿ ಒಂದೇ ಧ್ವಜದಡಿ ಕಾದಿದವರು ಪರಸ್ಪರರ ಮೇಲೆ ಗುಂಡು ಹಾರಿಸಿದರು.

2009ರ ಮೇ ತಿಂಗಳಲ್ಲಿ ಸಂಘಟನೆ ಸೈನಿಕವಾಗಿ ನಾಶವಾಯಿತು. ಆ ಸೋಲಿಗೆ ಕಾರಣಗಳು ಹಲವು. ಪೂರ್ವದ ಒಡಕು ಅವುಗಳಲ್ಲೊಂದು. ಭಿನ್ನಮತವನ್ನು ದ್ರೋಹವೆಂದೇ ಎಣಿಸುವ ಗುಂಪಿನಲ್ಲಿ ಅಸಮಾಧಾನಿಗೆ ಉಳಿಯುವ ದಾರಿಗಳು ಎರಡೇ: ಮೌನ ಅಥವಾ ಬಂಡಾಯ. ಬಂಡುಕೋರರ ಮೌನವನ್ನು ಒಗ್ಗಟ್ಟೆಂದು ಓದುವ ಚರಿತ್ರಕಾರನೂ ನಾಯಕನಷ್ಟೇ ಮೋಸಹೋಗುತ್ತಾನೆ.