ಲೀಡ್ ಗಿಟಾರಿಗೂ ಉಸಿರು ಬೇಕು

ಬೆಂಗಳೂರಿನ ಇಟ್ಟಮಡುವಿನ ಮಹಡಿ ಮನೆಗಳಿಂದ ಸಂಜೆ ಹೊತ್ತು ಲೀಡ್ ಗಿಟಾರ್ ಕೇಳಿಸುತ್ತೆ. ಬೆರಳು ಜೋರಾಗೇ ಓಡುತ್ತೆ, ಸ್ವರವೂ ತಪ್ಪಿರಲ್ಲ. ಆದರೆ ಎಲ್ಲೂ ನಿಲ್ಲೋದೇ ಇಲ್ಲ! ಹಾಡೋರಿಗೆ ಉಸಿರು ಮುಗಿಯುತ್ತೆ, ಸಾಲೂ ತಾನಾಗೇ ಮುಗಿಯುತ್ತೆ. ತಂತಿಗೆ ಆ ಕಷ್ಟ ಇಲ್ಲವಲ್ಲ, ಹಾಗಾಗಿ ಗಿಟಾರ್ ನುಡಿಸೋರು ನಿಲ್ಲೋದನ್ನೂ ಕಲೀಬೇಕು.

ಮದ್ದು ನಮ್ಮ ಸಂಗೀತದಲ್ಲೇ ಇದೆ. ಗಿಟಾರ್ ಬದಿಗಿಟ್ಟು, ಕೈಯಲ್ಲಿ ಆದಿತಾಳ ಹಾಕ್ತಾ ಬಾಯಲ್ಲಿ 'ತಕಿಟ ತಕಿಟ ತಕ' ಅನ್ನಿ. 3+3+2, ಒಟ್ಟು 8. ಸಲೀಸಾದ ಮೇಲೆ ಅದನ್ನೇ ಒಂದೇ ಸ್ವರದಲ್ಲಿ ನುಡಿಸಿ. ಆಮೇಲೆ ಎಡುಪು, ಅಂದ್ರೆ ಶುರು ಮಾಡೋ ಜಾಗ, ಬದಲಿಸಿ: ಸಮಕ್ಕೆ (ತಾಳದ ಮೊದಲ ಎಣಿಕೆಗೆ) ಹಿಡಿಯದೆ ಅರ್ಧ ಎಣಿಕೆ ಬಿಟ್ಟು ಹಿಡೀರಿ. ಸ್ವರ ಅದೇ, ಕೇಳೋಕೆ ಮಾತ್ರ ಹೊಸದು.

ಎಲ್ಲಿ ನಿಲ್ಲಬೇಕು ಅನ್ನೋದು ಕಿವಿಗೂ ತಿಳೀಬೇಕು. ಮೃದಂಗ ವಾದಕ ಟಿ.ಎ.ಎಸ್. ಮಣಿ ಬೆಂಗಳೂರಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ 1983ರಲ್ಲಿ 'ಜ್ಯೋತಿ' ಅನ್ನೋ ಆಲ್ಬಂ ಮಾಡಿದ್ರು. ಅದರಲ್ಲಿ ಗಾಯಕಿ ಆರ್.ಎ. ರಮಾಮಣಿಯವರ ದನಿ ಎಲ್ಲಿ ಹಿಡಿಯುತ್ತೆ, ಎಲ್ಲಿ ಬಿಡುತ್ತೆ ಅಂತ ಗಮನಿಸಿ ಕೇಳಿ. ಹೊಸ ಸ್ಕೇಲ್ ಕಲಿಯೋದು ಮುಂದಿನ ತಿಂಗಳಿಗಿರಲಿ.