ಮುಚ್ಚಿದ ಹೂರಣ

ಉಣ್ಣುವವನು ಬಡಿಸುವವರ ಕೈಯನ್ನು ನಂಬಿಯೇ ತುತ್ತೆತ್ತುತ್ತಾನೆ. ತಟ್ಟೆಯಲ್ಲಿ ತೆರೆದು ಕಾಣುವ ಪದಾರ್ಥದ ವಿಷಯದಲ್ಲಿ ಈ ನಂಬಿಕೆ ಅಷ್ಟಾಗಿ ಪರೀಕ್ಷೆಗೆ ಒಳಗಾಗುವುದಿಲ್ಲ. ಕಣ್ಣು ತಾನೇ ಕಂಡು ನಿರ್ಣಯಿಸುತ್ತದೆ. ಆದರೆ ಹೂರಣವನ್ನು ಒಳಗಿಟ್ಟು ಅಂಚು ಮುಚ್ಚಿದ ತಿನಿಸಿನಲ್ಲಿ ಕಣ್ಣಿಗೆ ಕೆಲಸವಿಲ್ಲ. ಅಲ್ಲಿ ಮಾಡಿದವರ ಮಾತೇ ಪ್ರಮಾಣ. ಉತ್ತರ ಚೀನಾದ ಮನೆಮನೆಯ ತಿನಿಸಾದ ಜಿಯಾವೋಜಿ ಇಂಥದು.

ಗೋಧಿಹಿಟ್ಟಿನ ತೆಳುಹಾಳೆಯಲ್ಲಿ ಹೂರಣ ತುಂಬಿ, ಅರ್ಧಚಂದ್ರಾಕಾರವಾಗಿ ಮಡಿಚಿ, ಕುದಿಯುವ ನೀರಿನಲ್ಲಿ ಬೇಯಿಸಿದ ಪುಟ್ಟ ಕಡುಬೇ ಜಿಯಾವೋಜಿ. ಇದು ನಿನ್ನೆ ಮೊನ್ನೆಯ ತಿನಿಸಲ್ಲ. ತುರ್ಫಾನ್ ಬಳಿಯ ಅಸ್ತಾನಾ ಸಮಾಧಿಗಳಲ್ಲಿ ತಾಂಗ್ ರಾಜವಂಶದ ಕಾಲದ (618–907) ಜಿಯಾವೋಜಿಗಳು ಮರುಭೂಮಿಯ ಒಣಹವೆಯಲ್ಲಿ ಕೆಡದೆ ಉಳಿದು ದೊರೆತಿವೆ, ಆಕಾರ ಇಂದಿನದೇ. ಹಿಂದಿನ ಕಾಲದ ಬೆಳ್ಳಿಯ ಗಟ್ಟಿಯನ್ನು ಹೋಲುವುದರಿಂದ ಅದು ಸಮೃದ್ಧಿಯ ಸಂಕೇತ. ಹಳೆಯ ವರ್ಷವು ಹೊಸ ವರ್ಷವನ್ನು ಸಂಧಿಸುವ ನಡುರಾತ್ರಿಯ ಗಳಿಗೆ ಎಂಬ ಅರ್ಥವೂ ಅದರ ಹೆಸರಿನಲ್ಲಿ ಧ್ವನಿಸುತ್ತದೆ. ಆದ್ದರಿಂದಲೇ ಚಾಂದ್ರಮಾನ ವರ್ಷದ ಕಡೆಯ ರಾತ್ರಿ ಮನೆಮಂದಿಯೆಲ್ಲ ಒಂದೇ ಮೇಜಿನ ಸುತ್ತ ಕುಳಿತು ಅದನ್ನು ಮಡಿಚುತ್ತಾರೆ. ಯಾವುದೋ ಒಂದರಲ್ಲಿ ನಾಣ್ಯವೊಂದನ್ನು ಅಡಗಿಸುತ್ತಾರೆ. ಅದು ಯಾರ ಪಾಲಿಗೆ ಬರುವುದೋ ಅವರಿಗೆ ವರ್ಷವಿಡೀ ಭಾಗ್ಯವೆಂದು ನಂಬಿಕೆ.

ಶಾಂದೋಂಗ್ ಪ್ರಾಂತದ ಜಿನಾನ್ ನಗರದ ಒಂದು ಮನೆಯಲ್ಲಿ ಈ ಕಾರ್ಯದ ಯಜಮಾನಿಕೆ ಎಪ್ಪತ್ತು ದಾಟಿದ ಅಜ್ಜಿಯದು. ಆಕೆಯ ಬಾಲ್ಯ 1959ರಿಂದ 1961ರವರೆಗಿನ ಮಹಾಕ್ಷಾಮವನ್ನು ಕಂಡದ್ದು. ಅನಂತರವೂ ದೀರ್ಘಕಾಲ ಹಿಟ್ಟು, ಎಣ್ಣೆಗಳು ಚೀಟಿಯ ಮೇಲೆ ಅಳೆದು ದೊರೆಯುತ್ತಿದ್ದವು. 1955ರಲ್ಲಿ ಬಂದ ಧಾನ್ಯದ ಚೀಟಿಗಳು ಪೂರ್ಣವಾಗಿ ರದ್ದಾದದ್ದು 1993ರಲ್ಲಿ. ಬಿಳಿಯ ಗೋಧಿಹಿಟ್ಟು, ಅದರೊಳಗೆ ಒಂದಿಷ್ಟು ಮಾಂಸ ಎಂದರೆ ಆ ತಲೆಮಾರಿಗೆ ವರ್ಷಕ್ಕೊಮ್ಮೆ ಬರುವ ಸೌಭಾಗ್ಯ. ಉಣ್ಣಲು ಇರುವುದನ್ನು ಬೇಡವೆನ್ನುವ ಮಾತು ಆಕೆಯ ಕಿವಿಗೆ ಅಪಶಕುನದಂತೆ ಕೇಳುತ್ತಿತ್ತು.

ಅಂಥ ಮನೆಗೆ, ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಮೊಮ್ಮಗಳು ಹಬ್ಬಕ್ಕೆ ಬರುವ ಮುನ್ನ ದೂರವಾಣಿಯಲ್ಲಿ ತಿಳಿಸಿದಳು: ತಾನು ಮಾಂಸ, ಮೀನು, ಮೊಟ್ಟೆಗಳನ್ನು ಬಿಟ್ಟಿದ್ದೇನೆ, ತನಗಾಗಿ ಬೇರೇನೂ ಶ್ರಮಪಡಬೇಡಿರಿ ಎಂದು. ಮಾರುಕಟ್ಟೆಯ ತೊಟ್ಟಿಯಿಂದ ಎತ್ತಿದ ಜೀವಂತ ಮೀನು ಹಲಗೆಯ ಮೇಲೆ ಬಾಯಿ ತೆರೆದು ಮುಚ್ಚಿದ್ದನ್ನು ಒಂದು ದಿನ ಕಂಡವಳು ಮತ್ತೆ ಅದನ್ನು ಮುಟ್ಟಲಾರದೆ ಹೋಗಿದ್ದಳು. ಅವಳ ನಿರ್ಧಾರಕ್ಕೆ ಅದಕ್ಕಿಂತ ದೊಡ್ಡ ಸಿದ್ಧಾಂತವಿರಲಿಲ್ಲ.

ಚೀನಾಕ್ಕೆ ಸಸ್ಯಾಹಾರ ಹೊಸದಲ್ಲ. ಲಿಯಾಂಗ್ ವಂಶದ ಚಕ್ರವರ್ತಿ ವೂ (ಆಳ್ವಿಕೆ 502–549) ಬೌದ್ಧ ಸಂನ್ಯಾಸಿಗಳು ಮದ್ಯಮಾಂಸಗಳನ್ನು ತ್ಯಜಿಸಬೇಕೆಂದು ವಿಧಿಸಿದ್ದನು. ಅಲ್ಲಿನ ಮಠಗಳ ಪಾಕಶಾಲೆಗಳಲ್ಲಿ ಮಾಂಸದೊಡನೆ ಬೆಳ್ಳುಳ್ಳಿ, ಈರುಳ್ಳಿ ಮೊದಲಾದ ಕಟುಗಂಧದ ಪದಾರ್ಥಗಳೂ ನಿಷಿದ್ಧ; ಅವನ್ನು ವರ್ಜಿಸಿದ ಮನೆಗಳಲ್ಲಿ ಬೆಳೆದ ಓದುಗರಿಗೆ ಈ ನಿಯಮ ಅಪರಿಚಿತವೆನಿಸದು. ಗೃಹಸ್ಥರಲ್ಲಿಯೂ, ಹೊಸ ವರ್ಷ ಶುಚಿಯಾಗಿ, ಶಾಂತವಾಗಿ ಸಾಗಲೆಂದು ಮೊದಲ ದಿನ ಸಸ್ಯಾಹಾರದ ಜಿಯಾವೋಜಿ ಉಣ್ಣುವ ರೂಢಿ ಉತ್ತರದ ಎಷ್ಟೋ ಕಡೆ ಉಂಟು.

ಅಜ್ಜಿ ಶ್ರಮಪಟ್ಟೇ ಪಟ್ಟರು. ಎರಡು ಪಾಲು ಹಿಟ್ಟಿಗೆ ಹೆಚ್ಚುಕಡಿಮೆ ಒಂದು ಪಾಲು ತಣ್ಣೀರು ಬೆರೆಸಿ ಕಣಕವನ್ನು ನಾದಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ನೆನೆಯಲು ಬಿಟ್ಟರು. ಎಲೆಕೋಸನ್ನು ಸಣ್ಣಗೆ ಕೊಚ್ಚಿ, ಉಪ್ಪು ಬೆರೆಸಿ, ಒಡೆದ ನೀರನ್ನು ಹಿಂಡಿ ತೆಗೆದರು. ನೀರು ಉಳಿದರೆ ಹಾಳೆ ಹರಿಯುತ್ತದೆ. ಸೋಯಾ ಹಾಲನ್ನು ಒಡೆಸಿ ಮಾಡಿದ ತೋಫು, ಹೆಸರುಕಾಳಿನ ಪಿಷ್ಟದ ಶ್ಯಾವಿಗೆ, ನೆನೆಸಿದ ಒಣ ಅಣಬೆ, ಶುಂಠಿ, ಬಿಳಿ ಮೆಣಸಿನ ಪುಡಿ, ಕೊನೆಗೆ ಎಳ್ಳೆಣ್ಣೆ. ಉಂಡೆಗಳನ್ನು ಅಂಚು ತೆಳ್ಳಗೆ, ನಡುವೆ ದಪ್ಪಗೆ ಲಟ್ಟಿಸಿದರು. ಎಲ್ಲವೂ ಸರಿಯಾಗಿತ್ತು. ಆದರೆ ಹೂರಣದ ರುಚಿ ನೋಡಿದಾಗ ಅದು ಆಕೆಯ ನಾಲಿಗೆಗೆ ಬಡವಾಗಿ ಕಂಡಿತು. ಬಾಗಿಲಲ್ಲಿ ಇಳಿದ ಮೊಮ್ಮಗಳ ಸೊರಗಿದ ಮುಖ ನೆನಪಾಯಿತು. ಕೈ ತಾನಾಗಿ ಕಪಾಟಿನತ್ತ ಹೋಯಿತು. ಒಂದು ಹಿಡಿ ಒಣ ಸೀಗಡಿಯನ್ನು ನುಣ್ಣಗೆ ಪುಡಿಮಾಡಿ ಹೂರಣದಲ್ಲಿ ಬೆರೆಸಿದರು. ಆ ಊರಿನ ಎಷ್ಟೋ ಮನೆಗಳಲ್ಲಿ ಅದನ್ನು ಮಾಂಸವೆಂದೇ ಎಣಿಸುವುದಿಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ಆದರೆ ಬೆರೆಸುವಾಗ ಒಮ್ಮೆ ಹಿಂದಿರುಗಿ ಬಾಗಿಲನ್ನು ನೋಡಿದ್ದರು. ಆ ನೋಟವೊಂದೇ ಸಾಕು, ಮನಸ್ಸು ಒಳಗೇ ತೀರ್ಪು ಕೊಟ್ಟಿತ್ತೆಂಬುದಕ್ಕೆ.

ನಡುರಾತ್ರಿ ನೀರು ಕುದಿಯಿತು. ಜಿಯಾವೋಜಿಗಳು ತೇಲಿಬಂದವು, ಕುದಿ ಉಕ್ಕಿದಾಗಲೆಲ್ಲ ಸ್ವಲ್ಪ ತಣ್ಣೀರು ಎರೆದು, ಹೀಗೆ ಮೂರು ಬಾರಿ ಕಳೆದ ಮೇಲೆ ಅಜ್ಜಿ ಅವನ್ನು ಎತ್ತಿದರು. ಮೊಮ್ಮಗಳು ವಿನೆಗರ್‌ನಲ್ಲಿ ಅದ್ದಿ ಅದ್ದಿ ತಿಂದಳು. ಇಷ್ಟು ರುಚಿ ಎಲ್ಲಿಯೂ ಕಂಡಿಲ್ಲವೆಂದಳು. ನಾಣ್ಯವೂ ಅವಳ ಹಲ್ಲಿಗೇ ಸಿಕ್ಕಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಜ್ಜಿಗೆ ಮಾತ್ರ ನಗು ಬರಲಿಲ್ಲ. ತಾವು ಹೂರಣದೊಳಗೆ ಅಡಗಿಸಿದ್ದು ನಾಣ್ಯವೊಂದನ್ನೇ ಅಲ್ಲವಲ್ಲ ಎಂಬುದು ಆಕೆಗೆ ಆ ಕ್ಷಣ ತಿಳಿಯಿತು.

ಮರುದಿನ ಬೆಳಿಗ್ಗೆ, ಉಳಿದವರು ಏಳುವ ಮುನ್ನ, ಅವರು ಮೊಮ್ಮಗಳನ್ನು ಕರೆದು ನಡೆದುದನ್ನು ಹೇಳಿದರು. ತಾವು ಹೇಳದಿದ್ದರೆ ಅದು ಎಂದಿಗೂ ಬಯಲಾಗುತ್ತಿರಲಿಲ್ಲ ಎಂಬುದನ್ನು ಬಲ್ಲವರಾಗಿಯೇ ಹೇಳಿದರು.

ಹುಡುಗಿ ಬಹಳ ಹೊತ್ತು ಸುಮ್ಮನಿದ್ದಳು. ಕೊನೆಗೆ, “ಅಜ್ಜಿ, ನಿಮ್ಮ ಪ್ರೀತಿಯಲ್ಲಿ ನನಗೆ ಸಂಶಯವಿಲ್ಲ. ಆದರೆ ಇಷ್ಟು ದಿನ ನೀವು ಕೊಟ್ಟದ್ದನ್ನು ಏನೆಂದು ಕೇಳದೆ ತಿನ್ನುತ್ತಿದ್ದೆ. ಇನ್ನು ಕೇಳಿ ತಿನ್ನಬೇಕಲ್ಲ” ಎಂದಳು. ಸಿಟ್ಟಿನ ಮಾತಾಗಿದ್ದರೆ ಅಜ್ಜಿ ಉತ್ತರ ಕೊಡಬಹುದಾಗಿತ್ತು. ಈ ಮಾತಿಗೆ ಉತ್ತರವಿರಲಿಲ್ಲ. ರಜೆ ಮುಗಿಯುವವರೆಗೂ ಅವಳು ಪ್ರತಿ ಊಟದಲ್ಲಿಯೂ ಮೆಲ್ಲನೆ ಕೇಳಿದಳು. ಅಜ್ಜಿ ಪ್ರತಿ ಬಾರಿಯೂ ಒಂದನ್ನೂ ಬಿಡದೆ ಹೇಳಿದರು.

ಕ್ಷಾಮದ ನೆನಪು ಹೊತ್ತವರು ಒಂದು ಬಡಕಲು ಜೀವಕ್ಕೆ ಪುಷ್ಟಿ ಕೊಡಬಯಸಿದ್ದರಲ್ಲಿ ಕೇಡೇನಿದೆ ಎಂದು ಕೇಳಬಹುದು. ಬಯಕೆಯಲ್ಲಿ ಕೇಡಿಲ್ಲ. ಆದರೆ ಇನ್ನೊಬ್ಬರ ವ್ರತವನ್ನು ಅವರಿಗೆ ಅರಿವಿಲ್ಲದಂತೆ ಮುರಿಸುವವನು ಅವರ ದೇಹವನ್ನು ಸಲಹಿದನೆಂದುಕೊಂಡು ಅವರ ಸಂಕಲ್ಪವನ್ನು ನೋಯಿಸುತ್ತಾನೆ. ಆ ಹಿಂಸೆಗೆ ರಕ್ತವಿಲ್ಲ, ಕೂಗಿಲ್ಲ. ಆದ್ದರಿಂದಲೇ ಅದು ಸುಲಭವಾಗಿ ವಾತ್ಸಲ್ಯದ ವೇಷ ಧರಿಸುತ್ತದೆ. ಅಜ್ಜಿಯ ದೊಡ್ಡತನವಿದ್ದುದು ತಪ್ಪದೆ ನಡೆದುದರಲ್ಲಿ ಅಲ್ಲ. ವೇಷವನ್ನು ತಾವೇ ಕಳಚಿದ್ದರಲ್ಲಿ.

ಮುಂದಿನ ವರ್ಷ ಅಜ್ಜಿ ಮೊಮ್ಮಗಳನ್ನು ಅಡಿಗೆಮನೆಗೇ ಕರೆದರು. ಹಲಗೆ ಬೇರೆ, ಚೂರಿ ಬೇರೆ, ಪಾತ್ರೆ ಬೇರೆ. ಹಂದಿಮಾಂಸದವುಗಳಿಗೆ ನೆರಿಗೆಯ ಅಂಚು, ಸಸ್ಯದವುಗಳಿಗೆ ನೆರಿಗೆಯಿಲ್ಲದ ಅಂಚು. ಮುಚ್ಚಿದ ಹೂರಣವೂ ಹೊರಗಿನಿಂದಲೇ ಗುರುತು ಸಿಗುವಂತೆ. ಮೊದಲು ಹೊಸ ನೀರಿನಲ್ಲಿ ಸಸ್ಯದವು ಬೆಂದವು. ಹುಡುಗಿ ಮನೆಮಂದಿಗೆಲ್ಲ ಹಾಳೆ ಲಟ್ಟಿಸಿಕೊಟ್ಟಳು; ಮಾಂಸದ ಹೂರಣವನ್ನು ಮುಟ್ಟಲಿಲ್ಲ. ಅದನ್ನು ಯಾರೂ ಪ್ರಶ್ನಿಸಲಿಲ್ಲ. ಅವಳೂ ಯಾರ ತಟ್ಟೆಯನ್ನೂ ಹೀಗಳೆಯಲಿಲ್ಲ. ಆ ಸಲ ಎಳ್ಳೆಣ್ಣೆಯನ್ನೂ ಅಣಬೆಯನ್ನೂ ತುಸು ಹೆಚ್ಚಾಗಿ ಹಾಕಿದ್ದರಿಂದ ಹೂರಣ ಅಜ್ಜಿಯ ನಾಲಿಗೆಗೂ ಬಡವೆನಿಸಲಿಲ್ಲ.

ತಟ್ಟೆ ಮುಂದೆ ಬಂದಾಗ ಅಜ್ಜಿ ಪದಾರ್ಥಗಳನ್ನು ಒಂದೊಂದಾಗಿ ಹೇಳಲು ಬಾಯಿ ತೆರೆದರು. ಅವರು ಮೊದಲನೆಯ ಹೆಸರು ಹೇಳುವಷ್ಟರಲ್ಲಿ ಹುಡುಗಿ ಒಂದನ್ನು ವಿನೆಗರ್‌ನಲ್ಲಿ ಅದ್ದಿ ಬಾಯಿಗಿಟ್ಟಿದ್ದಳು. ಕೇಳಿರಲಿಲ್ಲ.