ಎರಡು ನೀಲಿ ಗುರುತುಗಳು

‘ಮೌನಂ ಸಮ್ಮತಿ ಲಕ್ಷಣಂ’ ಎಂದರು ಹಿರಿಯರು. ಅವರ ಕೈಯಲ್ಲಿ ವಾಟ್ಸಾಪ್ ಇರಲಿಲ್ಲ. ಇದ್ದಿದ್ದರೆ ಆ ಸೂತ್ರವನ್ನು ತಿದ್ದಿ ಬರೆಯುತ್ತಿದ್ದರೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಮಾತಿನಂತೆಯೇ ಮಾತಿನ ನಡುವಣ ಬಿಡುವಿಗೂ ಅರ್ಥವುಂಟು. ಹತ್ತು ಭಾಷೆಗಳ ಸಂಭಾಷಣೆಯನ್ನು ಅಳೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಪ್ರಶ್ನೆಗೂ ಉತ್ತರಕ್ಕೂ ನಡುವಣ ಅಂತರ ಸರಾಸರಿ ಸೆಕೆಂಡಿನ ಐದನೆಯ ಒಂದು ಪಾಲು. ‘ಹೌದು’ ಬೇಗ ಬರುತ್ತದೆ, ‘ಇಲ್ಲ’ ತಡವರಿಸುತ್ತದೆ. ಅಥಣಿ ತಾಲೂಕಿನ ನಮ್ಮ ಐಗಳಿಯ ಕಟ್ಟೆಯ ಮೇಲೆ ಇದನ್ನು ತಿಳಿಯಲು ಗಡಿಯಾರ ಬೇಕಿಲ್ಲ. ಕೈಗಡ ಕೇಳಿದವನ ಮುಂದೆ ಯಜಮಾನರು ಒಮ್ಮೆ ಕೆಮ್ಮಿ, ಎಲೆಗೆ ಸುಣ್ಣ ಹಚ್ಚಿ, ಆಮೇಲೆ “ನೋಡೂಣಂತ” ಎಂದರೆಂದರೆ ಹಣ ಹುಟ್ಟದೆಂದೇ ತಿಳಿಯಬೇಕು. ಕೇಳಿದವನ ಮಾನವೂ ಉಳಿಯಿತು, ಇಲ್ಲವೆನ್ನುವ ಸಂಕಟವೂ ತಪ್ಪಿತು. ಆ ಬಿಡುವಿಗೊಂದು ಮುಖವಿತ್ತು.

ಪತ್ರದ ಕಾಲದಲ್ಲಿ ತಡಕ್ಕೆ ಅಂಚೆಯವನೇ ಜಾಮೀನು. ಉತ್ತರ ಬಾರದಿದ್ದರೆ ಅಂಚೆಯನ್ನು ಬಯ್ದು ಸಮಾಧಾನಗೊಳ್ಳಬಹುದಿತ್ತು. 2014ರ ನವೆಂಬರಿನಲ್ಲಿ ವಾಟ್ಸಾಪಿಗೆ ನೀಲಿ ಗುರುತು ಬಂದು ಆ ಆಸರೆಯನ್ನೂ ಕಸಿದುಕೊಂಡಿತು. ಓದಿದ್ದಾರೆಂದು ತಿಳಿಯುತ್ತದೆ, ಏಕೆ ಸುಮ್ಮನಿದ್ದಾರೆಂದು ತಿಳಿಯದು. ‘ಟೈಪ್ ಮಾಡುತ್ತಿದ್ದಾರೆ’ ಎಂದು ತೋರಿ ಮರುಕ್ಷಣ ಮಾಯವಾದರಂತೂ ಕಾಯುವವನ ಪಾಡು ದೇವರಿಗೇ ಪ್ರೀತಿ!

ಒಂದು ಅಕ್ಟೋಬರ್ ತಿಂಗಳಲ್ಲಿ ನಮ್ಮ ಪರಿಚಯದ ಮನೆಯವರು ಮಗಳ ಭಾವಚಿತ್ರವನ್ನು ನೆರೆಯೂರಿನ ವರನ ತಂದೆಗೆ ಕಳುಹಿಸಿದರು. ಗುರುತು ನೀಲಿಯಾಯಿತು, ಉತ್ತರವಿಲ್ಲ. ಮೊದಲ ದಿನ, ‘ವಿಚಾರ ಮಾಡುತ್ತಿರಬೇಕು’ ಎಂದರು. ಎರಡನೆಯ ದಿನ, ‘ಬಣ್ಣ ಹಿಡಿಸಲಿಲ್ಲವೇನೋ’ ಎಂದರು. ಮೂರನೆಯ ದಿನ ಹುಡುಗಿ, “ಅಪ್ಪಾ, ಆ ಫೋಟೋ ಅಳಿಸಿಬಿಡ್ರಿ” ಎಂದು ಒಳಗೆ ಹೋದವಳು ಊಟಕ್ಕೆ ಏಳಲಿಲ್ಲ.

ನಾಲ್ಕನೆಯ ದಿನ ಫೋನು ಬಂತು: “ಮಳಿ ಹತ್ತೈತ್ರಿ. ದ್ರಾಕ್ಷಿಗಿ ಔಷಧ ಹೊಡ್ಯಾಕತ್ತೀವಿ. ಐತವಾರ ಹೆಣ್ಣು ನೋಡಾಕ ಬರ್ತೀವ್ರಿ!”

ಚಾಟ್ನಿ ಮುಗಿದು ಚಿಗುರೊಡೆದ ಬಳ್ಳಿಗೆ ಮಳೆ ಹಿಡಿದರೆ ದಾವಣಿ ರೋಗ ವರ್ಷದ ಫಸಲನ್ನೇ ನುಂಗಬಲ್ಲುದು. ಹುಡುಗಿಯ ತಂದೆಗೆ ಇದು ತಿಳಿಯದ್ದಲ್ಲ. ಅವರೂ ಒಮ್ಮೆ ದ್ರಾಕ್ಷಿ ಬೆಳೆದವರೇ. ಆದರೆ ಫೋನಿನ ಗಾಜಿನಲ್ಲಿ ನೆರೆಯೂರಿನ ಮಳೆ ಕಾಣಿಸುವುದಿಲ್ಲ. ಬರಿದಾದ ಆ ಜಾಗದಲ್ಲಿ ನಾವು ನಮ್ಮ ಅಂಜಿಕೆಯನ್ನೇ ಬರೆದುಕೊಂಡು, ಅದನ್ನು ಎದುರಿನವರ ಉತ್ತರವೆಂದು ಓದುತ್ತೇವೆ.

ಕೂಡಲೇ ಉತ್ತರಿಸಬೇಕೆಂಬ ಕಟ್ಟಳೆ ಯಾರಿಗೂ ಬೇಡ. ‘ಓದಿದೆ, ಕೆಲಸದಲ್ಲಿದ್ದೇನೆ’ ಎಂಬ ಒಂದು ಸಾಲು ಸಾಕು. ಬಿಡುವಿಗೆ ಮತ್ತೆ ಮುಖ ಬರುತ್ತದೆ. ಅದಕ್ಕೆ ತಗಲುವುದು ಅರೆ ನಿಮಿಷ. ಉಳಿಯುವುದು ಒಂದು ಮನೆಯ ಮೂರು ರಾತ್ರಿಗಳ ನಿದ್ದೆ.